ಜಿಲ್ಲೆಯ ವಿಪತ್ತು ಯೋಜನೆಯಲ್ಲಿ ನಮ್ಮ ಬೀದಿ ಇದೆಯಾ?



ಸವಳಂಗ ರಸ್ತೆ ಕಡೆಯ ಸಂಘವೊಂದರ ವಾರದ ಸಭೆಯಲ್ಲಿ ಮಳೆಗಾಲದ ಮಾತು ಬಂತು. ಆಗ ಒಬ್ಬ ತಾಯಿ, "ಸಿಸ್ಟರ್, ನೆರೆ ಬಂದ ಮೇಲೆ ಗಂಜಿ ಕೇಂದ್ರ ತೆಗೀತಾರೆ, ದುಡ್ಡೂ ಕೊಡ್ತಾರೆ. ಬರೋಕೆ ಮೊದಲು ಸರ್ಕಾರ ಏನು ಮಾಡುತ್ತೆ?" ಎಂದು ಕೇಳಿದರು. ಈ ತಿಂಗಳ ಪಾಠ ಅದೇ ಪ್ರಶ್ನೆಗೆ ಉತ್ತರ.

2019ರ ಆಗಸ್ಟ್ ತಿಂಗಳನ್ನು ನಾವ್ಯಾರೂ ಮರೆತಿಲ್ಲ. ತುಂಗೆ ಉಕ್ಕಿ ಶಿವಮೊಗ್ಗದ ಕುಂಬಾರಗುಂಡಿ, ರಾಜೀವ್ ಗಾಂಧಿ ಬಡಾವಣೆ, ವಿದ್ಯಾನಗರದ ತಗ್ಗಿನ ಮನೆಗಳಿಗೆ ನೀರು ನುಗ್ಗಿತು. ಅಕ್ಕಿ ಬೇಳೆ ಹೋದದ್ದಕ್ಕಿಂತ ರೇಷನ್ ಕಾರ್ಡು, ಮನೆ ಪತ್ರ, ಸಂಘದ ಪಾಸ್‌ಬುಕ್ಕು ನೆನೆದು ಮುದ್ದೆಯಾಯಿತಲ್ಲ ಎಂದು ಅತ್ತವರನ್ನು ನಾನು ಕಂಡಿದ್ದೇನೆ.

ಶಿವಮೊಗ್ಗಕ್ಕೂ ಭದ್ರಾವತಿಗೂ ನೆರೆ ಬರುವ ರೀತಿ ಬೇರೆ. ಗಾಜನೂರಿನ ತುಂಗಾ ಅಣೆಕಟ್ಟು ಚಿಕ್ಕದು, ಸುಮಾರು 3.24 ಟಿ.ಎಂ.ಸಿ. ನೀರು ಹಿಡಿಯುತ್ತದೆ ಅಷ್ಟೆ. ಶೃಂಗೇರಿ, ತೀರ್ಥಹಳ್ಳಿ ಕಡೆ ಜೋರು ಮಳೆಯಾದರೆ ಬಂದ ನೀರನ್ನೆಲ್ಲ ಹೊಳೆಗೆ ಬಿಡಲೇಬೇಕು. ಲಕ್ಕವಳ್ಳಿಯ ಭದ್ರಾ ಅಣೆಕಟ್ಟು ಹಾಗಲ್ಲ. 71.5 ಟಿ.ಎಂ.ಸಿ. ಹಿಡಿಯುತ್ತದೆ, ನೀರಿನ ಮಟ್ಟ 186 ಅಡಿಯ ಹತ್ತಿರ ಬರುವವರೆಗೆ ತಡೆದು, ಆಮೇಲೆ ಗೇಟು ಎತ್ತುತ್ತಾರೆ. ಹೆಚ್ಚು ನೀರು ಬಿಟ್ಟರೆ ಭದ್ರಾವತಿಯ ಹೊಸ ಸೇತುವೆ ಮುಳುಗುತ್ತದೆ, ಕವಲಗುಂದಿಯವರಿಗೆ ನಿದ್ದೆ ಇಲ್ಲ. ಆದ್ದರಿಂದ ಭದ್ರಾವತಿಯವರು ದಿನಾ ಡ್ಯಾಂ ಮಟ್ಟ ಕೇಳುತ್ತಿದ್ದರೆ ತಯಾರಿಗೆ ಸಮಯ ಸಿಗುತ್ತದೆ. ಶಿವಮೊಗ್ಗದವರು ಮೇಲಿನ ಮಲೆನಾಡಿನ ಮಳೆಯನ್ನೇ ಗಮನಿಸಬೇಕು. ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತಾ ಅಂತ ನೋಡೋದು ನಮ್ಮೂರಿನ ಹಳೇ ರೂಢಿ. (ಅದನ್ನು ನೋಡೋಕೆ ಜಾತ್ರೆಗೆ ಹೋದ ಹಾಗೆ ಮಕ್ಕಳನ್ನೂ ಕರೆದುಕೊಂಡು ಹೋಗುವುದು ನನಗಂತೂ ಸರಿ ಕಾಣುವುದಿಲ್ಲ.) ಮಂಟಪ ಮುಳುಗಿದ ಮೇಲೆ ಗಂಟು ಕಟ್ಟೋಕೆ ಹೊರಟರೆ ತಡವಾಗುತ್ತದೆ.

ಈಗ ಸರ್ಕಾರದ ಯೋಜನೆಗೆ ಬರೋಣ. 1999ರ ಒಡಿಶಾ ಚಂಡಮಾರುತ, 2001ರ ಗುಜರಾತ್ ಭೂಕಂಪ, 2004ರ ಸುನಾಮಿ, ಇಷ್ಟೆಲ್ಲ ಆದ ಮೇಲೆ 2005ರಲ್ಲಿ ವಿಪತ್ತು ನಿರ್ವಹಣಾ ಕಾಯಿದೆ ಬಂತು. ಅದರಂತೆ ಪ್ರತಿ ಜಿಲ್ಲೆಗೂ ಒಂದು ಪ್ರಾಧಿಕಾರ, ಅದಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ಜಿಲ್ಲೆಗೆ ಒಂದು ಲಿಖಿತ ಯೋಜನೆ ಇರಬೇಕು. ಯಾವ ಜಾಗಕ್ಕೆ ಯಾವ ಅಪಾಯ, ಅದನ್ನು ಮೊದಲೇ ತಗ್ಗಿಸಲು ಏನು ಕ್ರಮ, ಜನರಿಗೆ ಸುದ್ದಿ ಮುಟ್ಟಿಸುವುದು ಹೇಗೆ, ಯಾವ ಇಲಾಖೆಗೆ ಯಾವ ಹೊಣೆ ಎಂಬುದೆಲ್ಲ ಅದರಲ್ಲಿ ಬರೆದಿರಬೇಕು. ಪ್ರತಿ ವರ್ಷ ಅದನ್ನು ಪರಿಶೀಲಿಸಿ ತಿದ್ದಬೇಕು. 2025ರ ತಿದ್ದುಪಡಿಯಂತೆ ಮಹಾನಗರ ಪಾಲಿಕೆ ಇರುವ ನಗರಗಳಿಗೆ ಪ್ರತ್ಯೇಕ ನಗರ ಪ್ರಾಧಿಕಾರವನ್ನೂ ರಾಜ್ಯ ಸರ್ಕಾರ ರಚಿಸಬಹುದು. ಶಿವಮೊಗ್ಗ ಈ ಸಾಲಿಗೆ ಸೇರುತ್ತದೆ. ಭದ್ರಾವತಿಯಲ್ಲಿ ಇರುವುದು ನಗರಸಭೆ, ಹಾಗಾಗಿ ಅಲ್ಲಿಗೆ ಜಿಲ್ಲೆಯ ಯೋಜನೆಯೇ ಆಧಾರ.

ಹಣದ ವಿಚಾರ ನಮ್ಮ ಸಂಘದ ಲೆಕ್ಕದ ಹಾಗೇ ಇದೆ. 15ನೇ ಹಣಕಾಸು ಆಯೋಗ 2021ರಿಂದ 2026ರವರೆಗೆ ರಾಜ್ಯಗಳ ವಿಪತ್ತು ನಿಧಿಯನ್ನು ಹೀಗೆ ಹಂಚಿತು: ನೂರು ರೂಪಾಯಿಯಲ್ಲಿ 80 ರೂಪಾಯಿ ವಿಪತ್ತು ಬಂದಾಗಿನ ಪರಿಹಾರ, ರಕ್ಷಣೆಗೆ, 20 ರೂಪಾಯಿ ನಷ್ಟವನ್ನು ಮೊದಲೇ ತಗ್ಗಿಸುವ ಕೆಲಸಕ್ಕೆ. ಅದಕ್ಕೆ ಮೊದಲು ಹೀಗೆ ತಗ್ಗಿಸುವ ಕೆಲಸಕ್ಕೆಂದು ಬೇರೆ ಪಾಲು ಎತ್ತಿಡುತ್ತಿರಲಿಲ್ಲ. ಇಪ್ಪತ್ತು ಕಡಿಮೆಯೇ ಅಂತ ನನ್ನ ಅನಿಸಿಕೆ, ಆದರೆ ಕೇಳುವವರಿಲ್ಲದಿದ್ದರೆ ಆ ಇಪ್ಪತ್ತೂ ನಮ್ಮ ಬೀದಿಯ ಚರಂಡಿಗೆ ಬರುವುದಿಲ್ಲ.

ಕಚೇರಿಯ ಕಡತಕ್ಕೆ ಗೊತ್ತಿಲ್ಲದ ಕೆಲವು ಸಂಗತಿ ನಮಗೆ ಗೊತ್ತು. ಕೊನೇ ಮನೆ ಅಜ್ಜಿ ಹಾಸಿಗೆ ಬಿಟ್ಟು ಏಳಲಾರರು. ಪಕ್ಕದ ಮನೆಯ ಹುಡುಗಿಗೆ ಏಳು ತಿಂಗಳು. ಮೊದಲು ನೀರು ಬರೋದು ಹೊಳೆ ಕಡೆಯಿಂದಲ್ಲ, ಮೋರಿಯಿಂದ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಬೀದಿಯ ನಕ್ಷೆ ಕೈಯಲ್ಲೇ ಬಿಡಿಸಿ, ಕಳೆದ ಸಲ ಯಾವ ಗೋಡೆಗೆ ಎಷ್ಟು ಎತ್ತರ ನೀರು ಬಂತು ಎಂದು ಗುರುತು ಹಾಕಿ. ಸಭೆಯಲ್ಲಿ ಠರಾವು ಮಾಡಿ, ಪಾಲಿಕೆ ಅಥವಾ ನಗರಸಭೆಗೆ ಒಂದು ಪ್ರತಿ, ತಹಶೀಲ್ದಾರರಿಗೆ ಒಂದು ಪ್ರತಿ ಕೊಡಿ, ಹಳ್ಳಿಯವರಾದರೆ ಗ್ರಾಮ ಪಂಚಾಯಿತಿಗೆ, ಗ್ರಾಮ ಆಡಳಿತ ಅಧಿಕಾರಿಗೆ (ನಾವು ಈಗಲೂ ವಿ.ಎ. ಅನ್ನುವವರು). ಸ್ವೀಕೃತಿ ಸಹಿ ಹಾಕಿಸಿಕೊಳ್ಳದೆ ಬರಬೇಡಿ. ಯೋಜನೆಯಲ್ಲಿ ನಮ್ಮ ಬೀದಿ ಬಗ್ಗೆ ಏನು ಬರೆದಿದೆ ಎಂದು ಮಾಹಿತಿ ಹಕ್ಕಿನಲ್ಲಿ ಕೇಳಬಹುದು, ಬಿ.ಪಿ.ಎಲ್. ಕಾರ್ಡ್ ಇರುವವರಿಗೆ ಅರ್ಜಿ ಶುಲ್ಕವಿಲ್ಲ.

ಪರಿಹಾರದ ಬಗ್ಗೆಯೂ ಎರಡು ಮಾತು. 2019ರಲ್ಲಿ ರಾಜ್ಯ ಸರ್ಕಾರ ನೀರು ನುಗ್ಗಿದ ಮನೆಗೆ ತುರ್ತಾಗಿ 10,000 ರೂಪಾಯಿ, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಎಂದು ಪ್ರಕಟಿಸಿತು. ಮನೆ ಎಷ್ಟು ಹಾಳಾಗಿದೆ ಎಂದು ಸಮೀಕ್ಷೆಯವರು ಬರೆದುಕೊಳ್ಳುವುದರ ಮೇಲೆ ಮೊತ್ತ ನಿಂತಿರುತ್ತದೆ. ಆದ್ದರಿಂದ ಮಳೆಗಾಲಕ್ಕೆ ಮುಂಚೆಯೇ ಮನೆಯ ಫೋಟೋ ತೆಗೆದಿಡಿ. ಖಾತೆ ಇನ್ನೂ ತೀರಿಹೋದ ಮಾವನ ಹೆಸರಿನಲ್ಲೇ ಇದ್ದರೆ ಬದಲಾಯಿಸುವ ಕೆಲಸ ಈಗಲೇ ಶುರು ಮಾಡಿ. ಪರಿಹಾರದಲ್ಲಿ ಹೆಣ್ಣು ಗಂಡು, ಜಾತಿ, ಧರ್ಮ ಎಂಬ ಭೇದ ಮಾಡಬಾರದು ಎಂದು ಕಾಯಿದೆಯೇ ಹೇಳುತ್ತದೆ. ವಿಧವೆಯರಿಗೆ, ಅನಾಥ ಮಕ್ಕಳಿಗೆ ವಿಶೇಷ ವ್ಯವಸ್ಥೆ ಇರಬೇಕೆಂದೂ ಇದೆ. ಸುಳ್ಳು ಅರ್ಜಿ ಹಾಕಿದರೆ ಎರಡು ವರ್ಷದ ತನಕ ಜೈಲು, ಅದೂ ನೆನಪಿರಲಿ.

ಮುಂದಿನ ಒಕ್ಕೂಟದ ಸಭೆಗೆ ಪ್ರತಿ ಸಂಘದ ಪ್ರತಿನಿಧಿಯೂ ನಿಮ್ಮ ಬೀದಿಯ ಹಾಳೆ ತನ್ನಿ. ಪಾಸ್‌ಬುಕ್ಕು, ನಡಾವಳಿ ಪುಸ್ತಕ, ಕಾರ್ಡುಗಳ ಜೆರಾಕ್ಸ್ ಮಾಡಿಸಿ ದಪ್ಪ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಎತ್ತರದ ಬೀದಿಯಲ್ಲಿರುವ ಸದಸ್ಯೆಯ ಮನೆಯಲ್ಲಿ ಇಡಿ. ಜಿಲ್ಲಾ ನಿಯಂತ್ರಣ ಕೊಠಡಿಯ ಸಂಖ್ಯೆ 1077. ಅದನ್ನು ಅಡುಗೆ ಮನೆ ಗೋಡೆ ಮೇಲೆ ಬರೆಯಿರಿ, ಆದಷ್ಟು ಮೇಲೆ.