ಏಳು ತಂತಿಯ ಚೌಡಯ್ಯನವರು

ಶೃಂಗೇರಿಯ ನವರಾತ್ರಿಯಲ್ಲಿ ಧ್ವನಿವರ್ಧಕದ ಮೂಲಕ ಸಂಗೀತ ಕೇಳುವ ನಮಗೆ, ಅದಿಲ್ಲದ ಕಾಲದ ವಾದ್ಯಗಾರರ ಕಷ್ಟ ಸುಲಭವಾಗಿ ಹೊಳೆಯದು. ಪಿಟೀಲು ವಿದ್ವಾನ್ ತಿರುಮಕೂಡಲು ಚೌಡಯ್ಯನವರು (1895–1967) ಆ ಕಷ್ಟವನ್ನು ಕಣ್ಣಾರೆ ಕಂಡವರು. ಅವರ ಪಿಟೀಲಿನ ನಾದ ಸಭೆಯ ಹಿಂದಿನ ಸಾಲಿಗೆ ಮುಟ್ಟುತ್ತಿರಲಿಲ್ಲ.

ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಬಳಿ ಕಠಿಣ ಶಿಷ್ಯವೃತ್ತಿ ನಡೆಸಿದ್ದ ಅವರು ಎದೆಗುಂದಲಿಲ್ಲ. ನಾಲ್ಕು ತಂತಿಗಳಿಗೆ ಮತ್ತೆ ಮೂರನ್ನು ಕೂಡಿಸಿ ಏಳು ತಂತಿಗಳ ಪಿಟೀಲನ್ನು ರೂಪಿಸಿದರು. ನಾದ ತುಂಬಿ ಬಂದಿತು. ಶ್ರುತಿ ಕಿಂಚಿತ್ತೂ ತಪ್ಪದಂತೆ ನುಡಿಸುವ ಹೊಣೆಯೂ ಬೆಳೆಯಿತು. 1957ರಲ್ಲಿ ಮದರಾಸಿನ ಸಂಗೀತ ಅಕಾಡೆಮಿ ಅವರಿಗೆ ‘ಸಂಗೀತ ಕಲಾನಿಧಿ’ ಬಿರುದನ್ನಿತ್ತಿತು. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿದ ಚೌಡಯ್ಯ ಸ್ಮಾರಕ ಭವನವಿದೆ.

ಮನೆತನದಲ್ಲಿ ಮೊದಲಿಗನಾಗಿ ಕಾಲೇಜಿನ ಮೆಟ್ಟಿಲೇರಿದ ನನಗೆ ಈ ಜೀವನ ಕಲಿಸುವುದಿಷ್ಟು: ಹಿಂದಿನ ಸಾಲಿನವನಿಗೂ ಮುಟ್ಟಿದಾಗಲೇ ವಿದ್ಯೆ ಸಾರ್ಥಕ.