ಕೊನೆಯ ನೂರು ಮೀಟರ್

ಮಗಳೇ, ಜಿಲ್ಲಾ ಕ್ರೀಡಾಕೂಟದ 400 ಮೀಟರ್ ಓಟದಲ್ಲಿ ನಾಲ್ಕನೆಯವಳಾದೆ ಅಂತ ಊಟ ಬಿಟ್ಟು ಕೂತಿದ್ದೀಯಂತೆ. ಕಾಲಲ್ಲಿ ಕಸುವಿತ್ತು, ಮನಸ್ಸು ಕೈಕೊಟ್ಟಿತು ಅಂದೆಯಂತೆ. ಒಪ್ಪುತ್ತೇನೆ. ಆದರೆ ಮನಸ್ಸಿಗೆ ನೀನು ಅಭ್ಯಾಸ ಮಾಡಿಸಿದ್ದು ಯಾವಾಗ?

ನಾನು ಗ್ಯಾಲರಿಯಲ್ಲೇ ಇದ್ದೆ. ಮುನ್ನೂರು ಮೀಟರಿನ ತನಕ ಸೊಗಸಾಗಿ ಓಡಿದೆ. ಪಕ್ಕದ ಲೇನಿನ ಹುಡುಗಿ ಸಮಕ್ಕೆ ಬಂದದ್ದೇ ತಡ, ನಿನ್ನ ಭುಜ ಮೇಲೇರಿತು, ದವಡೆ ಬಿಗಿಯಿತು, ಅಂಗೈ ಮುಷ್ಟಿಯಾಯಿತು, ಹೆಜ್ಜೆ ಗಿಡ್ಡವಾಯಿತು. ಆ ಕೊನೆಯ ನೂರರಲ್ಲಿ ಎಲ್ಲರ ವೇಗವೂ ಇಳಿಯುತ್ತದೆ, ಗೆದ್ದವಳದ್ದೂ. ಕಡಿಮೆ ಇಳಿದವಳು ಮುಂದೆ ಹೋಗುತ್ತಾಳೆ, ಅಷ್ಟೇ. ನೀನು ಪಕ್ಕದವಳನ್ನು ನೋಡಿದೆ, ನಿನ್ನ ಓಟ ಮರೆತೆ.

ಓಟಕ್ಕೆ ಮುಂಚೆ ಎದೆ ಡವಡವ ಅನ್ನುವುದಕ್ಕೆ, ಕೈ ತಣ್ಣಗಾಗುವುದಕ್ಕೆ, ಮತ್ತೆ ಮತ್ತೆ ಬಾತ್‌ರೂಮಿಗೆ ಓಡುವಂತಾಗುವುದಕ್ಕೆ ಹೆದರಬೇಡ. ಮೈ ಓಟಕ್ಕೆ ಅಣಿಯಾಗುವ ರೀತಿಯೇ ಅದು. ದೊಡ್ಡ ದೊಡ್ಡ ಓಟಗಾರರಿಗೂ ಹಾಗಾಗುತ್ತದೆ. ಉಸಿರನ್ನು ನಿಧಾನವಾಗಿ ಹೊರಬಿಡು, ಮೊದಲ ಹತ್ತು ಹೆಜ್ಜೆಯನ್ನಷ್ಟೇ ನೆನೆ.

ಮನಸ್ಸಿಗೂ ಅಭ್ಯಾಸ ಬೇಕು ಅಂದೆನಲ್ಲ, ಶೂಟರ್ ಅಭಿನವ್ ಬಿಂದ್ರಾರನ್ನು ನೋಡು. ಅವರು 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಮೂರನೆಯವರಾಗಿ ಫೈನಲ್‌ಗೆ ಬಂದು ಏಳನೆಯವರಾಗಿ ಮುಗಿಸಿದರು. ನಾಲ್ಕು ವರ್ಷಗಳ ನಂತರ ಬೀಜಿಂಗ್‌ನಲ್ಲಿ, ಕೊನೆಯ ಗುಂಡಿಗೆ ಮುಂಚೆ ಅವರೂ ಫಿನ್ಲೆಂಡಿನ ಶೂಟರ್‌ ಕೂಡ ಸಮಸಮ. ಬಿಂದ್ರಾ 10.8 ಹೊಡೆದರು, ವೈಯಕ್ತಿಕ ವಿಭಾಗದಲ್ಲಿ ಭಾರತಕ್ಕೆ ಮೊದಲ ಚಿನ್ನ ಬಂತು. ಆ ಒಂದು ಗುಂಡಿನ ಹಿಂದೆ ನಾಲ್ಕು ವರ್ಷಗಳ ತಯಾರಿ ಇತ್ತು. ಅಂಥ ಗಳಿಗೆಯಲ್ಲಿ ನೆಮ್ಮದಿಯಾಗಿರುವುದನ್ನು ಮೊದಲೇ ಕಲಿತಿರಬೇಕು. ಅಲ್ಲೇ ನಿಂತು ಕಲಿಯಲಾಗದು.

ಇನ್ನೊಂದು ಮಾತು, ಇದನ್ನು ಒತ್ತಿ ಹೇಳುತ್ತೇನೆ. ಗಟ್ಟಿಯಾಗಿರು ಅಂದರೆ ಎಲ್ಲವನ್ನೂ ನುಂಗಿಕೊಂಡಿರು ಅಂತ ಅರ್ಥವಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜಿಮ್ನಾಸ್ಟ್ ಸಿಮೋನ್ ಬೈಲ್ಸ್‌ಗೆ ಗಾಳಿಯಲ್ಲಿ ತಿರುಗುವಾಗ ತಾನೆಲ್ಲಿದ್ದೇನೆಂಬ ಅಂದಾಜೇ ತಪ್ಪಿತು. ತಂಡದ ಫೈನಲ್‌ನ ನಡುವೆಯೇ ಹಿಂದೆ ಸರಿದರು. ಎಷ್ಟೋ ಜನ ಆಡಿಕೊಂಡರು. ಅದೇ ಬೈಲ್ಸ್ 2024ರಲ್ಲಿ ಪ್ಯಾರಿಸ್‌ನಲ್ಲಿ ಮೂರು ಚಿನ್ನ ಗೆದ್ದರು. ನಿದ್ದೆ ಬರದಿದ್ದರೆ, ಮೈದಾನಕ್ಕೆ ಹೋಗಲು ವಾರಗಟ್ಟಲೆ ಮನಸ್ಸೇ ಬಾರದಿದ್ದರೆ ಅಮ್ಮನಿಗೆ ಹೇಳು, ಕೋಚ್‌ಗೆ ಹೇಳು. ಮುಟ್ಟಿನ ದಿನಗಳ ಸುಸ್ತನ್ನೂ ಮುಚ್ಚಿಡಬೇಡ. ಹದಿನೈದರ ಹರೆಯದಲ್ಲಿ ಮೈ ಬೆಳೆಯುತ್ತಿರುತ್ತದೆ, ಕೆಲವು ತಿಂಗಳು ಟೈಮಿಂಗ್ ಅಲ್ಲೇ ನಿಲ್ಲಬಹುದು. ಜೊತೆಯವಳು ಒಂದು ಸೆಕೆಂಡು ಮುಂದಿದ್ದಾಳೆ ಅಂತ ರಾತ್ರಿಯೆಲ್ಲ ಮೊಬೈಲಿನಲ್ಲಿ ಅವಳ ವಿಡಿಯೊ ನೋಡುತ್ತ ಕೂರಬೇಡ.

ಈಗ ಎದ್ದು ಊಟ ಮಾಡು. ನಾಳೆ ಕೋಚ್ ಹತ್ತಿರ ಒಂದು ಕೇಳಿಕೋ: ಅಭ್ಯಾಸದ ಕೊನೆಯ ಸುತ್ತಿಗೆ, ನೀನು ಸುಸ್ತಾಗಿರುವಾಗ, ನಿನಗಿಂತ ಜೋರಾಗಿ ಓಡುವವಳೊಬ್ಬಳನ್ನು ಪಕ್ಕದ ಲೇನಿನಲ್ಲಿ ಬಿಡಲಿ. ಅವಳು ದಾಟಿ ಹೋದರೆ ಹೋಗಲಿ. ನೀನು ದವಡೆ ಸಡಿಲ ಬಿಟ್ಟು, ಭುಜ ಇಳಿಸಿ ಓಡು.