ಗಾಯ ಒಳಗಿನಿಂದ ಮಾಯಬೇಕು

ಮಗಳೇ,

ನಿನ್ನೆ ರಾತ್ರಿ ನೀನು ಕಳಿಸಿದ ಫೋಟೋವನ್ನು ಕನ್ನಡಕ ಹಾಕಿಕೊಂಡು ಮೂರು ಸಲ ನೋಡಿದೆ. ನಿನ್ನ ಬೆಕ್ಕು ಕೆಂಚನ ಎಡಗೆನ್ನೆ ನಿಂಬೆಹಣ್ಣಿನಷ್ಟು ಊದಿದೆ. ಆ ಕಡೆಯ ಕಣ್ಣು ಅರ್ಧ ಮುಚ್ಚಿದೆ. "ನಾಲ್ಕು ದಿನದ ಹಿಂದೆ ಟೆರೇಸ್ ಮೇಲೆ ಕಾದಾಡಿಕೊಂಡು ಬಂದಿದ್ದ ದೊಡ್ಡಪ್ಪ, ಆವತ್ತು ನೋಡಿದಾಗ ಏನೂ ಇರಲಿಲ್ಲ, ಒಂದು ಸಣ್ಣ ಚುಕ್ಕೆ ಅಷ್ಟೇ" ಎಂದು ಬರೆದಿದ್ದೀಯ. ಬೆಳಗ್ಗೆ ಎದ್ದ ಕೂಡಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಎಂದು ಫೋನಿನಲ್ಲೇ ಹೇಳಿದ್ದೇನೆ. ಆದರೆ ಆ ಸಣ್ಣ ಚುಕ್ಕೆಯ ವಿಷಯವನ್ನು ನಿನಗೆ ನಿಧಾನವಾಗಿ ಹೇಳಬೇಕು ಅನ್ನಿಸಿತು. ಮಲೆನಾಡಿನ ಊರುಗಳಲ್ಲಿ ಮೂವತ್ತು ವರ್ಷ ಪಶುವೈದ್ಯನಾಗಿ ದುಡಿದವನು ನಾನು. ದನ, ಎಮ್ಮೆಗಳ ನಡುವೆಯೇ ಆಯುಷ್ಯ ಕಳೆದರೂ, ಬುಟ್ಟಿಯಲ್ಲಿ, ಗೋಣಿಚೀಲದಲ್ಲಿ, ಸೆರಗಿನಲ್ಲಿ ಸುತ್ತಿಕೊಂಡು ಜನ ತಂದ ಬೆಕ್ಕುಗಳೂ ನನ್ನ ಮೇಜಿನ ಮೇಲೆ ಬಹಳ ಮಲಗಿವೆ. ಅವುಗಳಲ್ಲಿ ಹೆಚ್ಚಿನವಕ್ಕೆ ಆಗಿದ್ದು ನಿನ್ನ ಕೆಂಚನಿಗೆ ಆಗಿದ್ದೇ.

ಬೆಕ್ಕಿನ ಕೋರೆಹಲ್ಲು ದಬ್ಬಣದ ಹಾಗೆ. ಸಣ್ಣಗೆ, ಉದ್ದಕ್ಕೆ, ಚೂಪಾಗಿ ಇರುತ್ತದೆ. ನಾಯಿ ಕಚ್ಚಿದರೆ ಚರ್ಮ ಹರಿಯುತ್ತದೆ, ರಕ್ತ ಸುರಿಯುತ್ತದೆ, ಮನೆಯವರು ಗಾಬರಿಯಾಗಿ ಓಡಿ ಬರುತ್ತಾರೆ. ಬೆಕ್ಕು ಕಚ್ಚಿದರೆ ಹಾಗಲ್ಲ. ಹಲ್ಲು ಆಳಕ್ಕೆ ಇಳಿದು, ಬಾಯೊಳಗಿನ ರೋಗಾಣುಗಳನ್ನು ಚರ್ಮದ ಕೆಳಗೆ ಬಿಟ್ಟು ಬರುತ್ತದೆ. ಬೆಕ್ಕಿನ ಚರ್ಮ ಸಡಿಲ, ಬೇಗ ಕೂಡಿಕೊಳ್ಳುವಂಥದ್ದು. ಒಂದು ದಿನದೊಳಗೆ ಮೇಲಿನ ತೂತು ಮುಚ್ಚಿ ಹಕ್ಕಳೆ ಕಟ್ಟುತ್ತದೆ. ಒಳಗೆ ಗಾಳಿಯಾಡದ, ಬೆಚ್ಚನೆಯ, ಒದ್ದೆಯಾದ ಜಾಗದಲ್ಲಿ ರೋಗಾಣುಗಳು ಬೆಳೆಯುತ್ತವೆ. ಅವುಗಳೊಂದಿಗೆ ಕಾದಾಡಿ ಸತ್ತ ರಕ್ತಕಣಗಳು, ಕರಗಿದ ಮಾಂಸ ಎಲ್ಲ ಸೇರಿ ಕೀವಾಗುತ್ತದೆ. ಎರಡರಿಂದ ಐದು ದಿನದಲ್ಲಿ ಬಾವು ಮೇಲೇಳುತ್ತದೆ. ಮೇಲೆ ಬಸಪ್ಪ, ಒಳಗೆ ವಿಷಪ್ಪ ಅನ್ನುತ್ತಾರಲ್ಲ, ಬೆಕ್ಕು ಕಚ್ಚಿದ ಗಾಯಕ್ಕೆ ಆ ಗಾದೆ ಅಕ್ಷರಶಃ ಸತ್ಯ.

ಆದ್ದರಿಂದ ಮೊದಲನೇ ಮಾತು: ಬೆಕ್ಕು ಜಗಳವಾಡಿ ಬಂದ ದಿನ ಮೈ ಮೇಲೆ ಕಣ್ಣಾಡಿಸಿ ಸುಮ್ಮನಾಗಬೇಡ, ಬೆರಳಾಡಿಸಿ ನೋಡು. ಅದು ಶಾಂತವಾದ ಮೇಲೆ ತೊಡೆಯ ಮೇಲೆ ಕೂರಿಸಿಕೊಂಡು, ಕೂದಲಿಗೆ ಎದುರಾಗಿ ನಿಧಾನವಾಗಿ ಬೆರಳು ಓಡಿಸು. ಎಲ್ಲೋ ಒಂದು ಕಡೆ ನಾಲ್ಕು ಕೂದಲು ಅಂಟಿಕೊಂಡು ಸಣ್ಣ ಗಂಟಾಗಿರುತ್ತದೆ. ಆ ಕೂದಲು ಬಿಡಿಸಿದರೆ ಸಾಸಿವೆಯಷ್ಟು ಹಕ್ಕಳೆ ಕಾಣುತ್ತದೆ. ಅದರ ಪಕ್ಕದಲ್ಲೇ ಇನ್ನೊಂದು ಇದೆಯೇ ನೋಡು, ಕೋರೆಹಲ್ಲು ಜೋಡಿಯಾಗಿ ಇಳಿಯುತ್ತದೆ. ಎದುರು ನಿಂತು ಕಾದಾಡಿದ ಬೆಕ್ಕಿಗೆ ಮುಖ, ಕುತ್ತಿಗೆ, ಮುಂಗಾಲಿನ ಮೇಲೆ ಗಾಯವಾಗುತ್ತದೆ. ಓಡಿಬಂದ ಬೆಕ್ಕಿಗೆ ಬಾಲದ ಬುಡದಲ್ಲಿ, ಬೆನ್ನಿನ ಮೇಲೆ ಆಗುತ್ತದೆ. ಆ ಜಾಗಗಳನ್ನು ಎರಡೆರಡು ಸಲ ನೋಡು. ಗಾಯ ಆದ ಒಂದು ದಿನದೊಳಗೆ ಡಾಕ್ಟರ ಕೈಗೆ ಸಿಕ್ಕಿದರೆ ಬಹಳಷ್ಟು ಸಲ ಬಾವು ಕಟ್ಟುವ ಮೊದಲೇ ಔಷಧಿಯಲ್ಲಿ ವಾಸಿಯಾಗುತ್ತದೆ.

ಬೆಕ್ಕು ತನ್ನ ನೋವು ಹೇಳುವುದಿಲ್ಲ ಎನ್ನುವುದು ನೆನಪಿರಲಿ. ನಾಯಿ ಕುಂಯ್‌ಗುಡುತ್ತದೆ, ಬೆಕ್ಕು ಮಂಚದ ಕೆಳಗೆ ಹೋಗಿ ಮಲಗುತ್ತದೆ. ಊಟದ ತಟ್ಟೆ ಮೂಸಿ ಹಿಂದೆ ಸರಿಯುವುದು, ಮೈ ನೆಕ್ಕಿಕೊಳ್ಳುವುದನ್ನು ಬಿಡುವುದು, ಕುಂಟುವುದು, ಎತ್ತಿಕೊಂಡರೆ ಗುರ್ರೆನ್ನುವುದು, ಇವೆಲ್ಲ ಅದರ ಭಾಷೆ. ಆರೋಗ್ಯದ ಬೆಕ್ಕಿನ ಮೈ ಶಾಖ ಸುಮಾರು ನೂರರಿಂದ ನೂರೆರಡೂವರೆ ಡಿಗ್ರಿ ಫ್ಯಾರನ್‌ಹೀಟ್. ಅದು 103 ದಾಟಿದರೆ ಜ್ವರ. ಒಂದು ಇಡೀ ದಿನ ಏನೂ ತಿನ್ನಲಿಲ್ಲವೆಂದರೆ 'ನಾಳೆ ನೋಡೋಣ' ಎನ್ನಬೇಡ. ಬೆಕ್ಕಿನ ದೇಹ ಉಪವಾಸ ತಡೆಯುವಂಥದ್ದಲ್ಲ. ಕೆಲವೇ ದಿನ ಹೊಟ್ಟೆಗಿಲ್ಲದಿದ್ದರೆ, ಅದರಲ್ಲೂ ಮೈತುಂಬಿಕೊಂಡ ಬೆಕ್ಕಾದರೆ, ಕೊಬ್ಬು ಹೋಗಿ ಯಕೃತ್ತಿನಲ್ಲಿ ಕೂತು ಹೊಸದೊಂದು ಕಾಯಿಲೆಯೇ ಶುರುವಾಗುತ್ತದೆ.

ಇನ್ನು ಮನೆಯಲ್ಲಿ ಏನು ಮಾಡಬಾರದು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಾನು ಕಂಡ ಸಾವುಗಳಲ್ಲಿ ಕೆಲವು ಗಾಯದಿಂದ ಆದವಲ್ಲ, ಪ್ರೀತಿಯಿಂದ ಕೊಟ್ಟ ತಪ್ಪು ಔಷಧಿಯಿಂದ ಆದವು.

ಒಂದು ಮಳೆಗಾಲದ ಸಂಜೆ ಒಂದು ಮನೆಯವರು ಬೂದು ಬಣ್ಣದ ಬೆಕ್ಕೊಂದನ್ನು ತಂದರು. ಹಿಂಗಾಲಿನ ಮೇಲೆ ಬಾವು. ದೊಡ್ಡದೇನೂ ಅಲ್ಲ, ಒಂದು ವಾರದಲ್ಲಿ ವಾಸಿಯಾಗುವಂಥದ್ದು. ಆದರೆ ಅದರ ಬಾಯಿ ತೆರೆದು ನೋಡಿದರೆ ವಸಡು ಗುಲಾಬಿಯಾಗಿರಲಿಲ್ಲ, ಚಾಕೊಲೇಟ್ ಬಣ್ಣಕ್ಕೆ ತಿರುಗಿತ್ತು. ಮುಖ, ಪಾದ ಊದಿತ್ತು, ಉಸಿರಿಗೆ ತಡಕಾಡುತ್ತಿತ್ತು. "ಮೈ ಬಿಸಿ ಇತ್ತು ಡಾಕ್ಟ್ರೇ, ಜ್ವರದ ಮಾತ್ರೆ ಅರ್ಧ ಮುರಿದು ಬೆಳಗ್ಗೆ ಕೊಟ್ಟೆವು, ಮಧ್ಯಾಹ್ನ ಇನ್ನರ್ಧ ಕೊಟ್ಟೆವು" ಎಂದರು. ಅದು ಪ್ಯಾರಸಿಟಮಾಲ್. ಅದನ್ನು ಅರಗಿಸಿ ಹೊರಹಾಕುವ ಶಕ್ತಿ ನಮ್ಮ ಯಕೃತ್ತಿಗೆ ಇರುವಂತೆ ಬೆಕ್ಕಿನ ಯಕೃತ್ತಿಗೆ ಇಲ್ಲ. ಅದರ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. 500 ಮಿಲಿಗ್ರಾಂನ ಒಂದೇ ಮಾತ್ರೆ ದೊಡ್ಡ ಬೆಕ್ಕಿನ ಪ್ರಾಣ ತೆಗೆಯಲು ಸಾಕು. ಆ ಬೆಕ್ಕು ಬೆಳಗಾಗುವುದನ್ನು ಕಾಣಲಿಲ್ಲ. ಅವರ ಮನೆಯ ಸಣ್ಣ ಹುಡುಗ ಖಾಲಿ ಬುಟ್ಟಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದು ಇನ್ನೂ ನನ್ನ ಕಣ್ಣ ಮುಂದೆ ಇದೆ. ಮನುಷ್ಯರ ನೋವಿನ ಮಾತ್ರೆ, ಜ್ವರದ ಮಾತ್ರೆ ಯಾವುದನ್ನೂ, ಚೂರನ್ನೂ, ಕೆಂಚನ ಬಾಯಿಗೆ ಹಾಕಬೇಡ.

ಹಾಗೆಯೇ ನೀರಿಗೆ ಹಾಕಿದರೆ ಬೆಳ್ಳಗಾಗುವ ಡೆಟಾಲ್, ನೆಲ ಒರೆಸುವ ಫಿನಾಯಿಲ್, ಸೀಮೆಎಣ್ಣೆ, ದನದ ಹುಳುಬಿದ್ದ ಗಾಯಕ್ಕೆ ಬಿಡುವ ಟರ್ಪೆಂಟೈನ್, ನೀಲಗಿರಿ ಎಣ್ಣೆ, ಇವು ಯಾವುವೂ ಬೆಕ್ಕಿಗೆ ಕೂಡದು. ಮೈಗೆ ಹಚ್ಚಿದ್ದನ್ನೆಲ್ಲ ಬೆಕ್ಕು ನೆಕ್ಕುತ್ತದೆ, ಅಂದರೆ ಹಚ್ಚಿದ್ದೂ ಒಂದೇ ಕುಡಿಸಿದ್ದೂ ಒಂದೇ. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಉರಿ ಹುಟ್ಟಿಸಿ, ಹೊಸದಾಗಿ ಕೂಡುತ್ತಿರುವ ಮಾಂಸವನ್ನೂ ಸುಡುತ್ತವೆ. ನಮ್ಮ ಮನೆಗಳಲ್ಲಿ ಕೈ ಕೊಯ್ದರೆ ಕಾಫಿಪುಡಿ ಒತ್ತುವ ರೂಢಿ ಇದೆಯಲ್ಲ, ಅದನ್ನೂ ಮಾಡಬೇಡ, ಕಾಫಿ ಬೆಕ್ಕಿಗೆ ವಿಷ. ಅರಿಶಿನ ವಿಷವಲ್ಲ. ಆದರೆ ಆಳದ ಗಾಯಕ್ಕೆ ಅರಿಶಿನ ಮೆತ್ತಿದರೆ ಅದು ಗಟ್ಟಿ ಮುಚ್ಚಳವಾಗಿ ಕೂರುತ್ತದೆ. ಒಬ್ಬ ಅಜ್ಜಿ ಕುಕ್ಕೆಯಲ್ಲಿ ತಂದ ಬೆಕ್ಕಿನ ಬಾಲದ ಬುಡದಲ್ಲಿ ಅಂಥ ಹಳದಿ ಮುಚ್ಚಳ ಇತ್ತು. ನೋಡಲು ಒಣಗಿ ವಾಸಿಯಾದ ಹಾಗಿತ್ತು. ಬೆಚ್ಚನೆ ನೀರಿನಲ್ಲಿ ನೆನೆಸಿ ಅದನ್ನು ಎತ್ತಿದೆ, ಎರಡು ಚಮಚದಷ್ಟು ಕೀವು ಹರಿಯಿತು, ಕೋಣೆಯೆಲ್ಲ ನಾತ. ಒಳಗೆಲ್ಲ ತೊಳೆದು ಇಂಜೆಕ್ಷನ್ ಕೊಟ್ಟು ಕಳಿಸಿದೆ. ಮೂರು ದಿನದಿಂದ ಅನ್ನ ಮುಟ್ಟದ ಆ ಬೆಕ್ಕು ಅದೇ ರಾತ್ರಿ ಮೀನು ತಿಂದಿತು ಎಂದು ಅಜ್ಜಿ ಮರುದಿನ ಬಂದು ಹೇಳಿದಳು. ಕೀವು ಒಳಗಿರುವವರೆಗೆ ಯಾವ ಔಷಧಿಯೂ ಪೂರ್ತಿ ಹತ್ತುವುದಿಲ್ಲ. ಕೀವಿಗೆ ದಾರಿ ಬಿಡುವುದೇ ಅರ್ಧ ಚಿಕಿತ್ಸೆ.

ಆದರೆ ಆ ದಾರಿಯನ್ನು ನೀನು ಮಾಡಬೇಡ. ಬಾವನ್ನು ಹಿಸುಕಬೇಡ, ಸೂಜಿ, ಬ್ಲೇಡ್ ತಾಗಿಸಬೇಡ. ಹಿಸುಕಿದರೆ ಕೀವು ಹೊರಗೆ ಬರುವ ಬದಲು ಒಳಗೆ ಹರಡಬಹುದು. ಡಾಕ್ಟರು ಮತ್ತು ಬರಿಸಿ, ಕೂದಲು ಕತ್ತರಿಸಿ, ಬಾವಿನ ತಗ್ಗಿನ ಜಾಗದಲ್ಲಿ ಕೊಯ್ದು, ಒಳಗೆಲ್ಲ ತೊಳೆಯುತ್ತಾರೆ. ಆಮೇಲೆ ಗಾಯವನ್ನು ಪೂರ್ತಿ ಹೊಲಿಯದೆ ಬಿಟ್ಟರೆ, ಇಲ್ಲವೇ ರಬ್ಬರಿನ ಸಣ್ಣ ಪಟ್ಟಿ ಇಟ್ಟರೆ ಗಾಬರಿಯಾಗಬೇಡ. ಬೇಕೆಂದೇ ಹಾಗೆ ಮಾಡುತ್ತಾರೆ. ತಳದಿಂದ ಮಾಂಸ ತುಂಬಿಕೊಂಡು ಬರುವವರೆಗೆ ಬಾಯಿ ತೆರೆದಿರಬೇಕು.

ಮನೆಗೆ ಕರೆತಂದ ಮೇಲೆ ನಿನ್ನ ಕೆಲಸ ಶುರು. ಅರ್ಧ ಲೀಟರ್ ನೀರು ಕುದಿಸಿ, ಮಟ್ಟವಾದ ಒಂದು ಟೀ ಚಮಚ ಉಪ್ಪು ಕರಗಿಸಿ, ಉಗುರುಬೆಚ್ಚಗಾಗುವಷ್ಟು ಆರಿಸು. ಕೆಂಚನನ್ನು ದಪ್ಪ ಟವೆಲ್‌ನಲ್ಲಿ ಹಸುಗೂಸಿನ ಹಾಗೆ, ತಲೆ ಮಾತ್ರ ಹೊರಗಿರುವಂತೆ ಸುತ್ತು. ಶುಭ್ರ ಬಟ್ಟೆಯನ್ನು ಆ ನೀರಿನಲ್ಲಿ ಅದ್ದಿ ಹಿಂಡಿ ಗಾಯದ ಮೇಲೆ ಐದು ನಿಮಿಷ ಹಗುರವಾಗಿ ಇಡು. ದಿನಕ್ಕೆ ಎರಡು ಮೂರು ಸಲ ಸಾಕು. ಹಕ್ಕಳೆ ಮೆತ್ತಗಾಗಿ ಕೀವು ತಾನೇ ಇಳಿಯುತ್ತದೆ. ಪೊವಿಡೋನ್ ಅಯೋಡಿನ್ ಹಾಕಲು ಡಾಕ್ಟರು ಹೇಳಿದ್ದರೆ, ತೆಳು ಚಹಾದ ಬಣ್ಣ ಬರುವಷ್ಟು ನೀರು ಬೆರೆಸಿಯೇ ಹಾಕು. ಕುತ್ತಿಗೆಗೆ ಲಾಳಿಕೆಯಂಥ ಕಾಲರ್ ಕೊಟ್ಟಿದ್ದರೆ, ಅವನು ಎಷ್ಟು ಗೋಳಾಡಿದರೂ ಬಿಚ್ಚಬೇಡ. ಬೆಕ್ಕಿನ ನಾಲಿಗೆ ಅರದ ಹಾಗೆ, ಒಂದು ರಾತ್ರಿ ನೆಕ್ಕಿದರೆ ವಾರದ ಕೆಲಸ ಹಾಳು. ಮಾತ್ರೆ ಕೊಟ್ಟ ಮೇಲೆ ಸಿರಿಂಜಿನಲ್ಲಿ, ಸೂಜಿಯಿಲ್ಲದೆ, ಸ್ವಲ್ಪ ನೀರು ಕುಡಿಸು. ಒಣ ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಹುಣ್ಣು ಮಾಡುವುದುಂಟು, ಡಾಕ್ಸಿಸೈಕ್ಲಿನ್ ಎಂಬ ಮಾತ್ರೆಯಲ್ಲಿ ಆ ಭಯ ಹೆಚ್ಚು. ಮೂರನೇ ದಿನಕ್ಕೆ ಕೆಂಚ ಆಡಲು ಶುರು ಮಾಡಿದರೂ, ಹೇಳಿದಷ್ಟು ದಿನ ಮಾತ್ರೆ ಕೊಟ್ಟು ಮುಗಿಸು. ಮತ್ತೆ ಅದೇ ಜಾಗದಲ್ಲಿ ಊದಿದರೆ, ಗಾಯದಲ್ಲಿ ಹುಳು ಕಂಡರೆ, ಬಾಯಿ ತೆರೆದು ಉಸಿರಾಡಿದರೆ, ಹೊತ್ತು ನೋಡದೆ ಓಡು.

ನಿನ್ನ ಮೈ ಕೈ ಕೂಡ ಜೋಪಾನ. ಗಾಯದ ನೋವಿಗೆ ಕೆಂಚ ನಿನ್ನನ್ನೂ ಕಚ್ಚಬಹುದು. ಬೆಕ್ಕಿನ ಬಾಯಲ್ಲಿ ಪಾಶ್ಚುರೆಲ್ಲ ಎಂಬ ರೋಗಾಣು ಸಹಜವಾಗಿಯೇ ಇರುತ್ತದೆ, ಒಂದೇ ದಿನದಲ್ಲಿ ಕೈ ಕೆಂಪಗಾಗಿ ಊದುತ್ತದೆ. ಲೂಯಿ ಪಾಶ್ಚರ್ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಅದೇ ಪಾಶ್ಚರ್ 1885ರಲ್ಲಿ ಹುಚ್ಚುನಾಯಿ ಕಚ್ಚಿದ ಹುಡುಗನಿಗೆ ರೇಬೀಸ್ ಲಸಿಕೆ ಕೊಟ್ಟು ಉಳಿಸಿದವನು. ರೇಬೀಸ್ ಬೆಕ್ಕಿನಿಂದಲೂ ಬರುತ್ತದೆ, ಬಂದ ಮೇಲೆ ಔಷಧಿಯಿಲ್ಲ. ಕಚ್ಚಿದರೆ, ಪರಚಿದರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗು. ಸರ್ಕಾರಿ ಆಸ್ಪತ್ರೆಗಳಲ್ಲಿ ಆ ಲಸಿಕೆ ಉಚಿತವಾಗಿ ಸಿಗುತ್ತದೆ. ಕೆಂಚನಿಗೆ ಕಚ್ಚಿದ್ದು ಯಾವ ಪ್ರಾಣಿ ಎಂದು ನಿನಗೆ ಗೊತ್ತಿಲ್ಲ. ಆದ್ದರಿಂದ ಅವನ ರೇಬೀಸ್ ಲಸಿಕೆಯ ಪುಸ್ತಕವನ್ನೂ ಡಾಕ್ಟರಿಗೆ ತೋರಿಸು.

ಖರ್ಚಿನ ಚಿಂತೆ ನಿನಗೆ ಇದ್ದೇ ಇರುತ್ತದೆ, ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿಲ್ಲ. ಸರ್ಕಾರಿ ಪಶು ಆಸ್ಪತ್ರೆ ದನಗಳಿಗೆ ಮಾತ್ರ ಎಂದುಕೊಳ್ಳಬೇಡ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೂ ಬೆಕ್ಕು ನಾಯಿಗಳನ್ನು ನೋಡುತ್ತಾರೆ. ದುಡ್ಡಿಲ್ಲ ಎಂದು ಎರಡು ದಿನ ತಡ ಮಾಡುವ ಬದಲು ನನಗೆ ಫೋನ್ ಮಾಡು, ಸಂಕೋಚ ಬೇಡ.

ಕೊನೆಯದಾಗಿ ಒಂದು ಮಾತು. ಗಾಯ ಮಾಯ್ದು ಕೆಂಚ ಗಟ್ಟಿಯಾದ ಮೇಲೆ ಅವನಿಗೆ ಸಂತಾನಹರಣ ಚಿಕಿತ್ಸೆ ಮಾಡಿಸು. ಪಾಪ ಎನ್ನುವವರು ಎನ್ನಲಿ. ಗಂಡು ಬೆಕ್ಕು ರಾತ್ರಿಯೆಲ್ಲ ಅಲೆಯುವುದು, ಗಡಿ ಕಾಯುವುದು, ಕಾದಾಡುವುದು ಹೆಚ್ಚಾಗಿ ಆ ಒಂದು ಕಾರಣಕ್ಕೆ. ಚಿಕಿತ್ಸೆಯಾದ ಮೇಲೆ ಬಹುಪಾಲು ಬೆಕ್ಕುಗಳ ಜಗಳ ಇಳಿಯುತ್ತದೆ. ಕಚ್ಚಾಟದಿಂದ ಬೆಕ್ಕಿನಿಂದ ಬೆಕ್ಕಿಗೆ ಹರಡುವ, ರೋಗನಿರೋಧಕ ಶಕ್ತಿಯನ್ನು ಕುಂದಿಸುವ ವೈರಸ್ ಒಂದಿದೆ, 1986ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಮೊದಲು ಗುರುತಿಸಿದರು. ಮನುಷ್ಯರಿಗೆ ಅದು ಬರುವುದಿಲ್ಲ, ಬೆಕ್ಕಿಗೆ ಬಂದರೆ ಹೋಗುವುದಿಲ್ಲ. ರಾತ್ರಿ ಹೊತ್ತು ಅವನನ್ನು ಒಳಗೇ ಮಲಗಿಸುವ ಅಭ್ಯಾಸವನ್ನೂ ಈಗಿನಿಂದಲೇ ಮಾಡಿಸು.

ನಾಲ್ಕು ದಿನದ ಹಿಂದೆ ಚುಕ್ಕೆ ಕಂಡಾಗ ನೀನು ಸುಮ್ಮನಾದದ್ದಕ್ಕೆ ನಿನ್ನನ್ನು ಬೈಯುವುದಿಲ್ಲ, ಗೊತ್ತಿಲ್ಲದೆ ಆಗಿದ್ದು. ಇನ್ನು ಮುಂದೆ ಗೊತ್ತಿರಲಿ: ಮೇಲೆ ಕೂಡಿದ ಗಾಯವನ್ನು ನಂಬಬೇಡ, ಬೆರಳಿಟ್ಟು ಒತ್ತಿ ನೋಡು, ಬಿಸಿ ಇದ್ದರೆ, ಮೆತ್ತಗಿದ್ದರೆ, ಬೆಕ್ಕು ಮುಖ ತಿರುಗಿಸಿದರೆ ಅದು ವಾಸಿಯಾಗಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಕೆಂಚ ಏನಾದರೂ ತಿಂದನೇ ಎಂದು ನನಗೆ ಹೇಳು. ಅವನು ತಿಂದ ಎಂದ ಮೇಲೆಯೇ ನಾನು ಊಟಕ್ಕೆ ಏಳುತ್ತೇನೆ.

ನಿನ್ನ ದೊಡ್ಡಪ್ಪ